ಮೂರು ದೀಪ ನೋಡಿ ಬಾವಿಗಿಳಿಯುವುದು

ನಮ್ಮ ತೋಟದ ಮೋಟಾರ್ ರೂಮಿನ ಹೊರಗೋಡೆಗೆ ಒಂದು ಮರದ ಹಲಗೆ ಹೊಡೆದಿತ್ತು. ಹಲಗೆಯ ಮೇಲೆ ಸಾಲಾಗಿ ಮೂರು ಬಲ್ಬು. ಮೂರೂ ಉರಿದರೆ ಥ್ರೀ ಫೇಸ್ ಕರೆಂಟು, ಮೋಟಾರ್ ಓಡುತ್ತದೆ. ಎರಡು ಉರಿದರೆ ಟೂ ಫೇಸ್. ಮನೆಯಲ್ಲಿ ದೀಪ, ಫ್ಯಾನು, ಮಿಕ್ಸಿ ಎಲ್ಲ ನಡೆಯುತ್ತವೆ, ಮೋಟಾರ್ ಮಾತ್ರ ಮಲಗಿದಲ್ಲಿಂದ ಏಳುವುದಿಲ್ಲ. ಒಂದೂ ಉರಿಯದಿದ್ದರೆ ಪವರ್ ಕಟ್. ಎಂಬತ್ತರ ದಶಕದಲ್ಲಿ ತಮಿಳುನಾಡಿನ ಉಡುಮಲೈಪೇಟೆಯ ಸುತ್ತಮುತ್ತ ತೋಟವಿದ್ದವರಿಗೆಲ್ಲ ಇದೇ ಪಂಚಾಂಗ. ಯಾವ ವಾರ ಹಗಲು ಥ್ರೀ ಫೇಸ್, ಯಾವ ವಾರ ರಾತ್ರಿ, ಯಾವ ಹೊತ್ತು ಪೂರ್ತಿ ಕಟ್ ಎಂಬುದನ್ನು ಜನ ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಿದ್ದರು.

ನನ್ನ ಮಾವನವರಿಗೆ ಕನ್ನಡ ಓದಲು ಬರದು, ತಮಿಳಿನಲ್ಲಿ ಸಹಿಯಷ್ಟೆ. ಆ ಮೂರು ದೀಪಗಳನ್ನು ಮಾತ್ರ ತೆಂಗಿನ ಸಾಲಿನ ಆಚೆ ತುದಿಯಿಂದಲೇ ಓದಿಬಿಡುತ್ತಿದ್ದರು. ಬಾವಿಯೊಳಗೆ ಏನಾದರೂ ರಿಪೇರಿ ಇದ್ದರೆ ಒಂದು ದೀಪವಾದರೂ ಆರಿರುವ ಹೊತ್ತು ನೋಡಿ ಇಳಿಯುವುದು ಅವರ ಪದ್ಧತಿ. ಫ್ಯೂಸ್ ಕಿತ್ತು ಇಳಿಯುವುದು ಪುಕ್ಕಲರ ಕೆಲಸ. "ದೀಪ ಸುಳ್ ಹೇಳಲ್ಲ ಅಮ್ಮಿಣಿ" ಎನ್ನುತ್ತಿದ್ದರು. ಅಮ್ಮಿಣಿ ಎಂದರೆ ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಮುದ್ದಿನ ಮಾತು. ಮದುವೆಯಾಗಿ ಬಂದ ದಿನದಿಂದ ನನ್ನನ್ನು ಅವರು ಬೇರೆ ಏನೂ ಕರೆದದ್ದಿಲ್ಲ.

ಆ ದೀಪಗಳು ಸುಳ್ಳು ಹೇಳುವ ಹಾಗೆ ಮಾಡಿದವಳು ನಾನು.

ನನ್ನ ತಂದೆ ಒಕ್ಕಲುತನ ಬಿಟ್ಟು ಕೊಯಮತ್ತೂರಿನಲ್ಲಿ ಹತ್ತಿ ವ್ಯಾಪಾರಕ್ಕೆ ನಿಂತವರು. ಮನೆಯಲ್ಲಿ ಅರ್ಧ ತಮಿಳು ಬೆರೆತ ನಮ್ಮ ಕನ್ನಡ, ಬೀದಿಯಲ್ಲಿ ತಮಿಳು, ಕಾನ್ವೆಂಟಿನಲ್ಲಿ ಇಂಗ್ಲಿಷ್. ಕನ್ನಡದ ಅಕ್ಷರ ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಮೈಸೂರು ಕಡೆಯಿಂದ ಬಂದಿದ್ದ ಒಬ್ಬ ಟೀಚರಮ್ಮನ ಪುಣ್ಯದಿಂದ. ಕಾನ್ವೆಂಟಿನಲ್ಲಿ ವಯಸ್ಸಾದ ಒಬ್ಬ ಮದರ್ ಇದ್ದರು. ಸಂಜೆ ಖಾಲಿ ಕ್ಲಾಸ್‌ರೂಮಿನಲ್ಲಿ ದೀಪ ಉರಿಯುತ್ತಿದ್ದರೆ ಬಂದು ಆರಿಸಿ, ಅಲ್ಲಿ ಕೊನೆಗೆ ಯಾರಿದ್ದರೋ ಆ ಹುಡುಗಿಯ ಕಿವಿ ಮೆಲ್ಲಗೆ ಹಿಡಿದು, "ಚೈಲ್ಡ್, ನಿನಗೋಸ್ಕರ ಎಲ್ಲೋ ಒಬ್ಬ ಮನುಷ್ಯ ಕಲ್ಲಿದ್ದಲು ಎತ್ತಿಹಾಕುತ್ತಾ ಇದ್ದಾನೆ" ಎನ್ನುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಹಾಸ್ಟೆಲಿನ ಬಾತ್‌ರೂಮಿನಲ್ಲಿ ಶವರ್ ಇತ್ತು. ನಲ್ಲಿ ತಿರುಗಿಸಿದರೆ ತಲೆಯ ಮೇಲೆ ಸಣ್ಣಗೆ ನೀರು. ಮದುವೆಯಾಗಿ ತೋಟದ ಮನೆಗೆ ಬಂದ ಮೇಲೆ ಹದಿನಾರು ವರ್ಷ ಹಂಡೆಯಿಂದ ಚೊಂಬಿನಲ್ಲಿ ತೋಡಿಕೊಂಡು ಮಿಂದೆ. ದೂರೇನಿಲ್ಲ. ಆದರೆ ಕಣ್ಣು ಮುಚ್ಚಿ ಸೋಪು ಹಚ್ಚುವಾಗಲೆಲ್ಲ ಆ ಶವರಿನ ಸದ್ದು ಕೇಳಿದ ಹಾಗಾಗುತ್ತಿತ್ತು. ಸಿಲ್ಲಿ ಅನ್ನಿಸಬಹುದು. ಆಸೆಗಳು ಬಹಳ ಸಲ ಅಷ್ಟೇ ಇರುತ್ತವೆ.

ಮನೆಗೆ ಹೊಸ ಬಾತ್‌ರೂಮ್ ಕಟ್ಟಿಸಿದ್ದು, ಮೇಲೆ ಸಿಮೆಂಟಿನ ಟ್ಯಾಂಕ್ ಕೂರಿಸಿದ್ದು ಮೀಟರ್ ಹೋದ ಮೇಲೆ. ಮೊದಲು ಮೋಟಾರಿಗೂ ಮೀಟರ್ ಇತ್ತು, ಓದಿಕೊಂಡು ಹೋಗುವವರು ಬರುತ್ತಿದ್ದರು. ಸರ್ಕಾರದ ಪಾಲಿಸಿ ಬದಲಾಯಿತು. ಮೋಟಾರ್ ಎಷ್ಟು ಎಚ್‌ಪಿ ಎಂದಷ್ಟೇ ನೋಡುವುದು, ಎಷ್ಟು ಹೊತ್ತು ಓಡಿತು ಎಂದು ಯಾರೂ ಕೇಳುವುದಿಲ್ಲ ಎಂದಾಯಿತು. ರೈತರಿಗೆ ಉಪಕಾರವೇ, ಇಲ್ಲವೆನ್ನುವುದಿಲ್ಲ. ಆದರೆ ಅಂದಿನಿಂದ ಊರಿನಲ್ಲಿ ಯಾರೂ ಮೋಟಾರ್ ಆಫ್ ಮಾಡಲಿಲ್ಲ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ಸಂದಿಗೆ ಒಂದು ಬೆಂಕಿಕಡ್ಡಿ ಸಿಗಿಸಿಬಿಟ್ಟರೆ ಆಯಿತು. ಕರೆಂಟು ಬಂದ ಕ್ಷಣ ಮೋಟಾರ್ ತಾನೇ ಏಳುತ್ತದೆ, ಹೋದಾಗ ತಾನೇ ಮಲಗುತ್ತದೆ. ಎಲ್ಲರ ತೋಟದಲ್ಲೂ ಬೆಂಕಿಕಡ್ಡಿ. ಕರೆಂಟು ಬಂದೊಡನೆ ಸುತ್ತಲಿನ ಮೋಟಾರ್‌ಗಳೆಲ್ಲ ಒಟ್ಟಿಗೆ ಎದ್ದು, ಮನೆಯ ಬಲ್ಬು ಕೆಂಪು ಹುಳುವಿನ ಹಾಗೆ ಸಣ್ಣಗಾಗುತ್ತಿತ್ತು. ಎಷ್ಟೋ ಸಲ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ವಾರಗಟ್ಟಲೆ ಎಲ್ಲರೂ ಕತ್ತಲಲ್ಲಿ. ಮತ್ತೆ ಹೊಸದು ಬಂತು, ಮತ್ತೆ ಬೆಂಕಿಕಡ್ಡಿ.

ಥ್ರೀ ಫೇಸ್ ಇದ್ದಷ್ಟು ಹೊತ್ತೂ ನೀರು ಹತ್ತಿಗೆ, ಕಡಲೆಕಾಯಿಗೆ, ತೆಂಗಿಗೆ. ನನ್ನ ಟ್ಯಾಂಕಿಗೆ ಪೈಪು ತಿರುಗಿಸಿ ಎಂದರೆ ಮಾವ, "ಬೆಳೆ ಕುಡೀಲಿ ಅಮ್ಮಿಣಿ, ಆಮೇಲೆ ನಾವು" ಎನ್ನುತ್ತಿದ್ದರು. ಆ ಆಮೇಲೆ ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಟೈಲ್ಸ್ ಹಾಕಿದ ಬಾತ್‌ರೂಮಿನಲ್ಲಿ, ಬೆಳ್ಳಿಯ ಹಾಗೆ ಹೊಳೆಯುವ ಶವರಿನ ಕೆಳಗೆ, ನಾನು ಬಕೆಟ್ ಇಟ್ಟುಕೊಂಡೇ ಮೀಯುತ್ತಿದ್ದೆ.

ಆಗ ನನ್ನ ಯಜಮಾನರಿಗೆ ಯಾರೋ ಕಂಡೆನ್ಸರ್ ವಿಷಯ ಹೇಳಿದರು. ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದನ್ನು ಸ್ಟಾರ್ಟರಿಗೆ ಜೋಡಿಸಿದರೆ ಟೂ ಫೇಸಿನಲ್ಲೂ ಮೋಟಾರ್ ಓಡುತ್ತದೆ. ಮಾಡಬಾರದ ಕೆಲಸ, ಲೈನ್‌ಮನ್ ಕಣ್ಣಿಗೆ ಬಿದ್ದರೆ ಕನೆಕ್ಷನ್ ಕಿತ್ತುಹಾಕುತ್ತಾರೆ. ಮಾವ ಇದನ್ನು ಕೇಳಿ, "ಮನೆಗೆ ಅಂತ ಬಿಟ್ಟ ಕರೆಂಟ ಬಾವಿಗೆ ಎಳಿಯೋದು ಕಳ್ಳತನ. ನಮ್ಮ ತೋಟದಲ್ಲಿ ಬ್ಯಾಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ನಾನು ಬಿಡಲಿಲ್ಲ. ಕಾರಣವೂ ಸಿಕ್ಕಿತು. ಕಾನ್ವೆಂಟಿನಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಕೂರುತ್ತಿದ್ದ ಗೆಳತಿ ಗಂಡನೊಂದಿಗೆ ದೆಹಲಿಯಿಂದ ಬರುವವಳಿದ್ದಳು. ಗಂಡ ಅಲ್ಲಿ ದೊಡ್ಡ ಆಫೀಸರ್. ದೇಶಕ್ಕೆ ಎಷ್ಟು ಕರೆಂಟು ಬೇಕು, ಎಲ್ಲಿಂದ ತರಬೇಕು ಎಂದು ಪ್ಲಾನ್ ಬರೆಯುವ ಕೆಲಸ. ಅಂಥವರು ಬಂದಾಗ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಬರಬೇಕೆ? ಒಂದು ವಾರ ಯಜಮಾನರ ತಲೆ ತಿಂದೆ. ಮಾವ ಒಂದು ಮದುವೆಗೆಂದು ಕುನ್ನತ್ತೂರಿಗೆ ಹೋಗಿದ್ದ ದಿನ ಮೆಕ್ಯಾನಿಕ್ ಬಂದು ಕಂಡೆನ್ಸರ್ ಕೂರಿಸಿ, ಅದಕ್ಕೊಂದು ಬೇರೆ ಸ್ವಿಚ್ ಇಟ್ಟು, ಮೇಲೆ ಗೋಣಿಚೀಲ ಇಳಿಬಿಟ್ಟು ಹೋದ. ಮಾವನಿಗೆ ಹೇಳಲಿಲ್ಲ.

ನೆಂಟರು ಬರುವ ದಿನ ಬೆಳಗಿನ ಜಾವವೇ ಯಜಮಾನರು ಕಾರು ತೆಗೆದುಕೊಂಡು ಕೊಯಮತ್ತೂರು ಸ್ಟೇಷನ್ನಿಗೆ ಹೊರಟರು. ಹೊರಡುವಾಗ ಮೆಲ್ಲಗೆ ಹೇಳಿದರು: "ಎಂಟರಿಂದ ಹತ್ತು ಕಟ್. ಹತ್ತಕ್ಕೆ ಟೂ ಫೇಸ್ ಬರ್ತದೆ. ಪೈಪು ಟ್ಯಾಂಕಿಗೆ ತಿರುಗ್ಸಿದೀನಿ. ಸ್ವಿಚ್ ಒಂದು ಹಾಕ್ಬುಡು, ನಾವು ಬರೋ ಹೊತ್ಗೆ ತುಂಬಿರ್ತದೆ." ಥ್ರೀ ಫೇಸ್ ಆ ವಾರ ಮಧ್ಯಾಹ್ನ ಎರಡರ ಮೇಲೆ.

ಎಂಟಕ್ಕೆ ಕರೆಂಟು ಹೋಯಿತು. ಮಾವ ದನದ ಕೊಟ್ಟಿಗೆಯ ಕಡೆ ಇದ್ದರು. ಮನೆಯ ಗೋಡೆಯ ಮೊಳೆಯಲ್ಲಿದ್ದ ಮೋಟಾರ್ ರೂಮಿನ ಬೀಗದ ಕೈ ತೆಗೆದುಕೊಂಡು ಹೋಗಿ ಗೋಣಿ ಸರಿಸಿ ಸ್ವಿಚ್ ಹಾಕಿದೆ, ಬೆಂಕಿಕಡ್ಡಿ ಇದೆಯೇ ನೋಡಿದೆ, ಇತ್ತು. ಗೋಣಿ ಮೊದಲಿನಂತೆ ಇಳಿಬಿಟ್ಟು, ಬೀಗ ಹಾಕಿ ಬಂದು ಬೀಗದ ಕೈಯನ್ನು ಮೊಳೆಗೇ ಸಿಗಿಸಿದೆ. ಎದೆ ಸ್ವಲ್ಪ ಹೊಡೆದುಕೊಂಡಿತು, ಸುಳ್ಳು ಯಾಕೆ. ಆದರೆ ಅದು ಸಿಕ್ಕಿಬೀಳುವ ಭಯ, ಬೇರೆ ಯಾವ ಭಯವೂ ಅಲ್ಲ.

ಬಾತ್‌ರೂಮಿನ ಟೈಲ್ಸ್ ಒರೆಸಿ, ಹೊಸ ಸೋಪಿನ ಕಾಗದ ಬಿಚ್ಚಿ ಇಟ್ಟು ಹೊರಗೆ ಬಂದೆ. ಅತ್ತೆ ತಿಣ್ಣೆಯ ಮೇಲೆ ಮಂಡಿ ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

"ಮಾವ ಎಲ್ಲತ್ತೆ? ಕಾಫಿ ಆರ್ತಾ ಇದೆ."

"ಬಾವಿಗಿಳಿದವ್ರೆ. ಪಂಪಿಂದ ನೀರು ಸೋರ್ತದಂತೆ. ಡಿಲ್ಲಿ ನೆಂಟ್ರು ಬತ್ತಾರೆ, ಅಮ್ಮಿಣಿ ಟ್ಯಾಂಕು ತುಂಬ್ಬೇಕು, ಎರಡ್ಗಂಟೆ ಕರೆಂಟಿಗೆ ಒಂದ್ ಸೊಟ್ಟು ನೀರೂ ಸೋರ್ಬಾರ್ದು ಅಂತ ಹೋದ್ರು. ಹೋಗಿ ಅರ್ಧ ಗಂಟೆ ಆಯ್ತು."

ಗೋಡೆ ಗಡಿಯಾರ ನೋಡಿದೆ. ಹತ್ತಕ್ಕೆ ಹದಿಮೂರು ನಿಮಿಷ. ಮೊಳೆ ನೋಡಿದೆ. ಬೀಗದ ಕೈ ಇರಲಿಲ್ಲ.

ನಮ್ಮ ಪಂಪ್‌ಸೆಟ್ ಇದ್ದದ್ದು ಬಾವಿಯ ಒಳಗೆ, ನೀರಿನ ಮೇಲೆ ಕೊರೆದ ಒಂದು ಕಲ್ಲಿನ ಕಟ್ಟೆಯ ಮೇಲೆ. ಮೋಟಾರಿಗೂ ಪಂಪಿಗೂ ನಡುವೆ ಕೈಗಾತ್ರದ ಕಬ್ಬಿಣದ ಶಾಫ್ಟ್. ಶಾಫ್ಟ್ ಪಂಪಿನೊಳಗೆ ಹೋಗುವ ಬಾಯಲ್ಲಿ ನೀರು ಸೋರದ ಹಾಗೆ ಗ್ರೀಸ್ ಹಚ್ಚಿದ ನೂಲಿನ ಹಗ್ಗ ಸುತ್ತಿರುತ್ತಾರೆ. ಅದು ಸವೆದರೆ ಕೊಕ್ಕೆ ತಂತಿಯಿಂದ ಹಳೆಯದನ್ನು ಎಳೆದು, ಬೆರಳಿನಿಂದ ಒತ್ತಿ ಒತ್ತಿ ಹೊಸದನ್ನು ತುಂಬಬೇಕು. ಅಂದರೆ ಬೆರಳುಗಳು ಶಾಫ್ಟಿಗೇ ತಗುಲಿಕೊಂಡಿರುತ್ತವೆ. ಮೋಟಾರ್ ಎದ್ದರೆ ಬೆರಳಷ್ಟೇ ಅಲ್ಲ, ತೋಳೇ ಸುತ್ತಿಕೊಳ್ಳುತ್ತದೆ, ಪಂಚೆ ಸಿಕ್ಕಿದರೆ ಮನುಷ್ಯನೇ. ಪಕ್ಕದೂರಿನಲ್ಲಿ ಹಾಗೆ ಆಗಿತ್ತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ನಾನು ಓಡಿದೆ. ಮದುವೆಯಾದ ಮೇಲೆ ಅಂಗಳದಲ್ಲಿ ಬಿರುಸಾಗಿ ನಡೆದದ್ದೂ ಇಲ್ಲ, ಆ ದಿನ ಸೀರೆ ಎತ್ತಿ ಹಿಡಿದು ತೆಂಗಿನ ಸಾಲಿನಲ್ಲಿ ಓಡಿದೆ. ಹಿಂದಿನಿಂದ ಅತ್ತೆ "ಏನಾಯ್ತುಮ್ಮಾ? ಹಾವಾ?" ಎಂದು ಕೂಗುತ್ತಿದ್ದರು. ಆಳುಗಳೆಲ್ಲ ಆಚೆ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದರು, ಕೂಗಳತೆಯಲ್ಲಿ ಯಾರೂ ಇಲ್ಲ. ಮೋಟಾರ್ ರೂಮಿಗೆ ಬೀಗ. ಒಳಗೆ ತಾಮ್ರದ ತಂತಿ ಇರುವುದರಿಂದ ಸ್ಪ್ಯಾನರ್ ತೆಗೆದುಕೊಂಡ ಮೇಲೆ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುವುದು ಮಾವನ ಅಭ್ಯಾಸ. ಕಿಟಕಿಯಿಲ್ಲ, ಮೇಲೆ ಇಟ್ಟಿಗೆ ಬಿಟ್ಟ ಎರಡು ಸಂದಿಯಷ್ಟೆ. ಹಲಗೆಯ ಮೇಲೆ ಮೂರು ಬಲ್ಬೂ ಆರಿದ್ದವು.

ಬಾವಿಕಟ್ಟೆಗೆ ಬಗ್ಗಿ ಕೂಗಿದೆ. "ಮಾವಾ! ಮೇಲೆ ಬನ್ನಿ!"

ಪಕ್ಕದ ತೋಟದವರು ಕರೆಂಟಿಲ್ಲದ ಹೊತ್ತಿನಲ್ಲಿ ಆಯಿಲ್ ಇಂಜಿನ್ ಓಡಿಸುತ್ತಿದ್ದರು. ಅದರ ಟುಕುಟುಕು ಸದ್ದು ಬಾವಿಯೊಳಗೆ ಇಳಿದು ಎರಡರಷ್ಟಾಗುತ್ತಿತ್ತು. ನನ್ನ ದನಿ ನನಗೇ ಕೇಳಲಿಲ್ಲ. ಕೆಳಗೆ, ತುಂಬಾ ಕೆಳಗೆ, ಮಾವನ ಬೆನ್ನು ಕಾಣುತ್ತಿತ್ತು. ಮತ್ತೆ ಮತ್ತೆ ಕೂಗಿದೆ. ಕಲ್ಲು ಹಾಕೋಣವೆಂದರೆ ತಲೆಗೇ ಬಿದ್ದರೆ? ಕಾಲಿನ ಚಪ್ಪಲಿ ತೆಗೆದು ಆಚೆ ಬದಿಯ ನೀರಿಗೆ ಎಸೆದೆ. ಮಾವ ತಲೆಯೆತ್ತಿದರು.

ಎರಡು ಕೈಯನ್ನೂ ಬೀಸಿದೆ. ಅವರು ನಕ್ಕರು. ಬಲಗೈ ಎತ್ತಿ ಲೋಟ ಹಿಡಿದ ಹಾಗೆ ಬಾಯಿಯ ಹತ್ತಿರ ತಂದು ತೋರಿಸಿ, ಆಮೇಲೆ, ಆಮೇಲೆ ಎಂದು ಅಂಗೈ ಆಡಿಸಿದರು. ಕಾಫಿಗೆ ಕರೆಯುತ್ತಿದ್ದೇನೆ ಎಂದುಕೊಂಡಿದ್ದರು. ಮತ್ತೆ ಬಗ್ಗಿದರು.

ಕೈಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷ. ಸಬ್‌ಸ್ಟೇಷನ್ನಿನಲ್ಲಿ ಕೂತವರು ನನ್ನ ಗಡಿಯಾರ ನೋಡಿ ಸ್ವಿಚ್ ಹಾಕುವುದಿಲ್ಲ. ಐದು ನಿಮಿಷ ಹಿಂದೆ ಆಗಬಹುದು, ಮುಂದೆ ಆಗಬಹುದು.

ಸೆರಗು ಸೊಂಟಕ್ಕೆ ಸಿಗಿಸಿ, ನೆರಿಗೆ ಎತ್ತಿ ಕಟ್ಟಿ, ಬಾವಿಗೆ ಇಳಿದೆ.

ನಾನು ಅದರೊಳಗೆ ಎಂದೂ ಕಾಲಿಟ್ಟವಳಲ್ಲ. ಗೋಡೆಯಿಂದ ಮೊಳದುದ್ದ ಚಾಚಿದ ಕಲ್ಲಿನ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಗೋಡೆಗೆ ಮುಖ ಒತ್ತಿಕೊಂಡು ಒಂದೊಂದಾಗಿ ಇಳಿದೆ. ಮೇಲಿನ ಕಲ್ಲಿನಲ್ಲಿ ಕಪಿಲೆಯ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗುಳಿಗಳಿದ್ದವು, ಮಾವನ ತಂದೆ ಎತ್ತು ಕಟ್ಟಿ ನೀರೆತ್ತಿದ ಕಾಲದ್ದು. ಆಗ ನೀರು ಅಲ್ಲೇ ಇತ್ತಂತೆ, ಕೈ ಚಾಚಿದರೆ ಸಿಗುವಷ್ಟು. ಇನ್ನೊಂದಷ್ಟು ಇಳಿದ ಮೇಲೆ ಮೊದಲನೆಯ ಕಟ್ಟೆ. ಕರೆಂಟು ಬಂದ ಹೊಸತರಲ್ಲಿ ಮೋಟಾರ್ ಕೂರಿಸಿದ್ದ ಜಾಗ, ತುಕ್ಕು ಹಿಡಿದ ಬೋಲ್ಟುಗಳು ಹಾಗೇ ಇದ್ದವು. ಅದರ ಕೆಳಗೆ ಎರಡನೆಯ ಕಟ್ಟೆ. ನನ್ನ ಮದುವೆಯ ವರ್ಷ ಅದನ್ನು ಕೊರೆದರು. ನೀರು ಕೆಳಗೆ ಹೋಯಿತು, ಮೋಟಾರೂ ಹಿಂದೆಯೇ ಇಳಿಯಿತು. ಅಲ್ಲಿಗೆ ಕಲ್ಲಿನ ಮೆಟ್ಟಿಲು ಮುಗಿದು ಗೋಡೆಗೆ ಹುಗಿದ ಕಬ್ಬಿಣದ ಬಳೆಗಳು ಶುರುವಾದವು. ಮೂರನೆಯ ಕಟ್ಟೆ ಮೀಟರ್ ಹೋದ ಮೇಲಿನದು. ಮಾವ ಇದ್ದದ್ದು ನಾಲ್ಕನೆಯದರ ಮೇಲೆ. ಇದನ್ನೆಲ್ಲ ಆಗ ಯೋಚಿಸಿದೆ ಎಂದರೆ ಸುಳ್ಳು. ಆಗ ನನ್ನ ತಲೆಯಲ್ಲಿದ್ದದ್ದು ಕಾಲಿಡುವ ಮುಂದಿನ ಬಳೆ ಮಾತ್ರ. ಆದರೆ ಕಣ್ಣು ನೋಡಿಟ್ಟುಕೊಂಡಿತ್ತು, ಆಮೇಲೆ ಎಷ್ಟೋ ವರ್ಷ ಅದನ್ನೇ ತೋರಿಸಿತು.

ಕೊನೆಯ ಬಳೆಯಿಂದ ಕಟ್ಟೆಗೆ ಕಾಲಿಟ್ಟಾಗ ಮಾವ ತಿರುಗಿ ನೋಡಿ ಬೆಚ್ಚಿದರು. ಆದರೆ ಎಡಗೈಯ ಬೆರಳು ಪಂಪಿನ ಬಾಯೊಳಗೇ ಇದ್ದವು, ಅರ್ಧ ತುಂಬಿದ ಹಗ್ಗ ಜಾರದಿರಲೆಂದು.

"ಏನಮ್ಮಿಣಿ ಇದು! ಬಾವಿಗೆಲ್ಲಾ ಇಳಿದ್ಬುಟ್ಟೆ! ಯಾರಿಗೇನಾಯ್ತು?"

"ಮಾವ, ಕೈ ತೆಗೀರಿ."

"ಆಂ?"

"ಕೈ ತೆಗೀರಿ! ಕರೆಂಟು ಬರ್ತದೆ!"

"ಬರ್ಲಿ ಅಮ್ಮಿಣಿ, ಯಾಕ್ ಬಯಪ್ಪಡ್ತೀಯ. ಅದು ಮನೆ ಕರೆಂಟು, ಟೂ ಫೇಸು. ಮೋಟಾರ್ ಏಳಲ್ಲ. ಇಷ್ಟ್ ಓದಿ ಇದು ತಿಳೀದಾ ನಿನಗೆ?" ನಕ್ಕು ಮತ್ತೆ ಪಂಪಿನ ಕಡೆ ತಿರುಗಿದರು.

ನಮ್ಮ ಮನೆಯಲ್ಲಿ ಸೊಸೆ ಮಾವನ ಕೈಗೆ ಏನನ್ನೂ ಕೊಡುವುದಿಲ್ಲ. ಕಾಫಿಯ ಲೋಟವನ್ನೂ ತಿಣ್ಣೆಯ ಮೇಲಿಟ್ಟು ಹಿಂದೆ ಸರಿಯಬೇಕು, ಅವರು ಎತ್ತಿಕೊಳ್ಳುತ್ತಾರೆ. ಹದಿನಾರು ವರ್ಷದಲ್ಲಿ ನನ್ನ ಬೆರಳು ಅವರ ಬೆರಳಿಗೆ ತಾಗಿದ್ದಿಲ್ಲ. ನಾನು ಮುಂದೆ ಹೋಗಿ ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಗ್ರೀಸಿನ ಕೈ, ಜಾರಿತು. ಮತ್ತೆ ಹಿಡಿದು ಮೈಯ ಭಾರವನ್ನೆಲ್ಲ ಹಾಕಿ ಎಳೆದೆ. ಕೊಕ್ಕೆ ತಂತಿ ಟಣ್ ಎಂದು ಬಿತ್ತು. ಇಬ್ಬರೂ ಹಿಂದಕ್ಕೆ ಬಾವಿಯ ಗೋಡೆಗೆ ಬಡಿದುಕೊಂಡೆವು. ಮಾವ ನನ್ನ ಮುಖವನ್ನೇ ನೋಡಿದರು. ಸೊಸೆಗೆ ಏನೋ ಹಿಡಿದುಕೊಂಡಿದೆ ಎಂಬ ಹಾಗೆ.

"ಕಂಡೆನ್ಸರ್ ಇದೆ ಮಾವ. ಟೂ ಫೇಸಿಗೂ ಏಳ್ತದೆ. ಬೆಳಿಗ್ಗೆ ನಾನೇ ಸ್ವಿಚ್ ಹಾಕ್ದೆ."

ಮಾವ ನನ್ನನ್ನು ಒಂದು ಕೈಯಿಂದ ಗೋಡೆಗೆ ಒತ್ತಿ ಹಿಡಿದು ತಾವೂ ಅಂಟಿ ನಿಂತರು. ಪಂಚೆಯ ಅಂಚನ್ನು ಎತ್ತಿ ಬಿಗಿಯಾಗಿ ಸಿಕ್ಕಿಸಿಕೊಂಡರು. ಆಯಿಲ್ ಇಂಜಿನ್ ಸದ್ದು. ಗೋಡೆಯಿಂದ ತೊಟ್ಟು ತೊಟ್ಟಾಗಿ ನೀರು. ಎಷ್ಟು ಹೊತ್ತು ಹಾಗೆ ನಿಂತೆವೋ. ಒಂದು ನಿಮಿಷವಿರಬಹುದು, ನಾಲ್ಕಿರಬಹುದು. ಏನೂ ಆಗಲಿಲ್ಲ. ಏನೂ ಆಗದಿದ್ದರೆ ಎಂಬ ಯೋಚನೆ ಬಂದು, ನನಗೆ ನಾಚಿಕೆಯೂ ಆಯಿತು.

ಆಮೇಲೆ ಮೋಟಾರ್ ಗುಂಯ್ ಎಂದಿತು. ಒಮ್ಮೆ ಗೊಗ್ಗರು ದನಿಯಲ್ಲಿ ನರಳಿ, ಇಡೀ ಕಟ್ಟೆ ನಡುಗಿಸಿ, ತಿರುಗಿಬಿಟ್ಟಿತು. ಪೈಪಿನಲ್ಲಿ ಉಳಿದಿದ್ದ ನೀರು ತೆರೆದ ಬಾಯಿಂದ ಬೀಸಿ ನಮ್ಮ ಮುಖಕ್ಕೆ ಹೊಡೆಯಿತು. ಮಾವ ಶಾಫ್ಟಿನ ಪಕ್ಕದಲ್ಲಿ ಮಡಿಸಿ ಇಟ್ಟಿದ್ದ ಟವಲಿನ ಚುಂಗನ್ನು ಬೋಲ್ಟು ಕಚ್ಚಿ ಎಳೆದುಕೊಂಡಿತು. ಅದು ಸುತ್ತಿತು, ಸುತ್ತಿತು, ಚಿಂದಿಯಾಗಿ ಗೋಡೆಗೆ ರಪರಪ ಬಡಿಯತೊಡಗಿತು. ನಾವಿಬ್ಬರೂ ಆ ಟವಲನ್ನೇ ನೋಡುತ್ತಿದ್ದೆವು.

ಕೆಳಗಿನಿಂದ ಮೋಟಾರ್ ನಿಲ್ಲಿಸುವ ಹಾಗಿಲ್ಲ. ಗೋಡೆಗುಂಟ ಸರಿದು ಬಳೆ ಹಿಡಿದೆವು. "ನೀನ್ ಮುಂದೆ ಹತ್ತು, ಕೆಳಗ್ ನೋಡ್ಬ್ಯಾಡ" ಎಂದಷ್ಟೇ ಹೇಳಿದರು. ಮೇಲೆ ಬಂದಾಗ ಹಲಗೆಯ ಮೇಲೆ ಎರಡು ಬಲ್ಬು ಉರಿಯುತ್ತಿದ್ದವು. ಮಾವ ನಿಂತು ಅವನ್ನು ನೋಡಿದರು, ನಂಬಿದ ಮನುಷ್ಯ ಮೋಸ ಮಾಡಿದಾಗ ನೋಡುವ ಹಾಗೆ. ಬೀಗ ತೆಗೆದು, ಮೂರು ಪಿಂಗಾಣಿ ಫ್ಯೂಸುಗಳನ್ನೂ ಒಂದೊಂದಾಗಿ ಕಿತ್ತರು. ಬಾವಿ ಸುಮ್ಮನಾಯಿತು. ಗೋಣಿ ಸರಿಸಿ ಕಂಡೆನ್ಸರ್ ನೋಡಿದರು.

"ಅವನು ಮಾಡ್ಸಿದ್ದಾ?"

ಯಜಮಾನರ ಮೇಲೆ ಹಾಕಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು.

"ನಾನ್ ಹೇಳಿ ಮಾಡ್ಸಿದ್ದು. ಶವರ್‌ನಲ್ಲಿ ನೀರು ಬರ್ಲಿ ಅಂತ."

"ಯಾರ್‌ನಲ್ಲಿ?"

ಅವರಿಗೆ ಆ ಪದವೇ ಗೊತ್ತಿರಲಿಲ್ಲ. ಕೈಯಿಂದ ತಲೆಯ ಮೇಲೆ ಮಳೆ ಬಂದ ಹಾಗೆ ಮಾಡಿ ತೋರಿಸಿದೆ. ತೋರಿಸುತ್ತಿದ್ದ ಹಾಗೆ ಅಳು ಬಂತು. ಒದ್ದೆ ಸೀರೆ, ಗ್ರೀಸಿನ ಕೈ, ತಲೆಯ ಮೇಲೆ ಬೆರಳಾಡಿಸುತ್ತಾ ನಿಂತ ನಲವತ್ತರ ಹತ್ತಿರದ ಹೆಂಗಸು. ಬೈಯಲಿ ಎಂದು ಕಾಯುತ್ತಿದ್ದೆ. ಕಂಡೆನ್ಸರನ್ನು ಕಿತ್ತು ಬಾವಿಗೆ ಎಸೆಯಲಿ. ಹಾಗೆ ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾವ ಹೊಸ್ತಿಲ ಮೇಲೆ ಕೂತು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿಕೊಂಡರು. ಆಮೇಲೆ ಎದ್ದರು.

"ಅರ್ಧ ಕೆಲ್ಸ ಉಳಿದದೆ. ಹಿಂಗೇ ಬಿಟ್ರೆ ಎರಡ್ಗಂಟೆಗೂ ನೀರ್ ಬರಲ್ಲ."

"ಬೇಡ ಮಾವ. ಇವತ್ ಬೇಡ."

"ನೆಂಟ್ರು ಬತ್ತಾರಲ್ಲ" ಎಂದು ಫ್ಯೂಸುಗಳನ್ನು ನನ್ನ ಕಡೆ ಚಾಚಿದರು. ಕೆಳಗಿಡಲಿಲ್ಲ. ನನ್ನ ಅಂಗೈಗೇ ಹಾಕಿದರು. "ನೀನ್ ಇಲ್ಲೇ ಕೂತ್ಕೊ. ನಾನ್ ಮೇಲೆ ಬರೋ ಗಂಟ ಇದನ್ನ ಯಾರ್ ಕೇಳುದ್ರೂ ಕೊಡ್ಬ್ಯಾಡ. ನನ್ ಮಗನೇ ಬಂದ್ ಕೇಳುದ್ರೂ. ಸೆರಿಯಾ?"

ಮತ್ತೆ ಇಳಿದರು. ನಾನು ಬಾವಿಕಟ್ಟೆಯ ಮೇಲೆ ಮಡಿಲಲ್ಲಿ ಮೂರು ಫ್ಯೂಸ್ ಇಟ್ಟುಕೊಂಡು ಕೂತೆ. ಕೈಯಲ್ಲೇ ಇದ್ದರೂ ನಂಬಿಕೆಯಿಲ್ಲದೆ ಮತ್ತೆ ಮತ್ತೆ ಎಣಿಸಿದೆ. ಎರಡು ಬಲ್ಬು ಉರಿಯುತ್ತಲೇ ಇದ್ದವು. ಮನೆಯ ಕಡೆಯಿಂದ ಅತ್ತೆಯ ರೇಡಿಯೋ ಕೇಳುತ್ತಿತ್ತು. ಯಾರೋ ವಿದ್ಯುತ್ ಉಳಿತಾಯದ ಬಗ್ಗೆ ಶುದ್ಧ ತಮಿಳಿನಲ್ಲಿ ಭಾಷಣ ಮಾಡುತ್ತಿದ್ದರು.

ಪಂಪಿನ ಬಾಯಿಗೆ ಹಗ್ಗ ಪೂರ್ತಿ ತುಂಬಿ, ಶಾಫ್ಟಿಗೆ ಸುತ್ತಿಕೊಂಡಿದ್ದ ಟವಲಿನ ಚೂರುಗಳನ್ನು ಕತ್ತಿಯಲ್ಲಿ ಕುಯ್ದು ಬಿಡಿಸಲು ಮಾವನಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಕಾರು ಬಂತು. ಗೆಳತಿ ಇಳಿದವಳೇ ನನ್ನನ್ನು ಹುಡುಕಿಕೊಂಡು ತೋಟಕ್ಕೆ ಬಂದಳು, ಹಿಂದೆ ಅವಳ ಗಂಡ, ಅವರ ಹಿಂದೆ ನನ್ನ ಯಜಮಾನರು. ಇಪ್ಪತ್ತು ವರ್ಷದ ಮೇಲೆ ನೋಡುತ್ತಿದ್ದ ಗೆಳತಿ.

"ಮೈ ಗಾಡ್, ಏನಿದು ಅವತಾರ? ಎದ್ದು ಒಂದು ಹಗ್ ಕೂಡ ಇಲ್ಲವಾ?"

"ಏಳೋ ಹಾಗಿಲ್ಲ" ಎಂದೆ. "ಮಾವ ಕೆಳಗಿದ್ದಾರೆ."

ಯಜಮಾನರು ನನ್ನ ಮಡಿಲು ನೋಡಿದರು, ರೂಮಿನ ತೆರೆದ ಬಾಗಿಲು ನೋಡಿದರು, ಸರಿಸಿದ್ದ ಗೋಣಿ ನೋಡಿದರು. "ಅಪ್ಪನಿಗೆ…" ಎಂದರು. "ಏನೂ ಆಗಿಲ್ಲ" ಎಂದೆ. ಅವರು ಬಾವಿಕಟ್ಟೆ ಹಿಡಿದು ಬಗ್ಗಿ ನೋಡುತ್ತಾ ಅಲ್ಲೇ ನಿಂತುಬಿಟ್ಟರು.

ಗೆಳತಿಯ ಗಂಡ ಒಳ್ಳೆಯ ಮನುಷ್ಯ. ಸುಮ್ಮನಿರಲಾರದೆ ರೂಮಿನೊಳಗೆ ಇಣುಕಿದರು, ಕಂಡೆನ್ಸರ್ ಏನೆಂದು ಅವರಿಗೆ ನೋಡಿದೊಡನೆ ಗೊತ್ತಾಯಿತು. ಬೈಯಲಿಲ್ಲ. ಆದರೆ ಇಂಗ್ಲಿಷಿನಲ್ಲಿ ನನಗೆ ತಿಳಿಸಿ ಹೇಳತೊಡಗಿದರು: ಇದರಿಂದ ಲೈನಿಗೆ ಎಷ್ಟು ನಷ್ಟ, ಒಂದು ಮೋಟಾರ್ ಹೀಗೆ ಎಳೆದರೆ ಉಳಿದವರ ಮನೆಗೆ ವೋಲ್ಟೇಜ್ ಹೇಗೆ ಬೀಳುತ್ತದೆ, ಮೀಟರ್ ತೆಗೆದದ್ದೇ ಮೊದಲ ತಪ್ಪು, ಅದನ್ನು ವಾಪಸ್ ತಂದರೆ ಎಲ್ಲ ಡಿಸಿಪ್ಲಿನ್ ತಾನೇ ಬರುತ್ತದೆ. ಎಲ್ಲವೂ ನಿಜವೇ. ನಾನು ತಲೆಯಾಡಿಸುತ್ತಾ ಕಣ್ಣು ಮಾತ್ರ ಬಾವಿಯಲ್ಲಿಟ್ಟಿದ್ದೆ.

ಮಾವ ಮೇಲೆ ಬಂದರು. ಮೈಯೆಲ್ಲ ಕೆಸರು, ಗ್ರೀಸು. ನೆಂಟರಿಗೆ ಕೈ ಮುಗಿದರು. ಆಫೀಸರ್ ತಮ್ಮ ಮಾತನ್ನು ತಮಿಳಿನಲ್ಲಿ ಅವರಿಗೂ ಹೇಳಿದರು. ಮಾವ ಕೊನೆಯತನಕ ಕೇಳಿ, ತಮಿಳಿನಲ್ಲೇ ಕೇಳಿದರು:

"ಸರಿ ಸಾಮಿ. ಮೀಟರ್ ತನ್ನಿ, ಬೇಡ ಅನ್ನಲ್ಲ. ನಿಮ್ಮ ಊರಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತೆ?"

"ನಮ್ಮ ಕಾಲೋನಿಯಲ್ಲಿ… ಸಾಮಾನ್ಯವಾಗಿ ಹೋಗಲ್ಲ."

"ಹಾಗಾದರೆ ನಿಮಗೆ ದೀಪ ಓದೋದು ಗೊತ್ತಿರಲ್ಲ" ಎಂದು ಮಾವ ನಕ್ಕರು. ಆಫೀಸರೂ ನಕ್ಕರು, ಅರ್ಥವಾಯಿತೋ ಇಲ್ಲವೋ. ಮಾವ ನನ್ನ ಕಡೆ ತಿರುಗಿ ಕೈ ಚಾಚಿದರು. ನಾನು ಮೂರು ಫ್ಯೂಸನ್ನೂ ಅವರ ಕೈಗೇ ಕೊಟ್ಟೆ. ಆಮೇಲೆ ಎದ್ದು ಗೆಳತಿಯನ್ನು ತಬ್ಬಿಕೊಂಡೆ. ಅವಳ ರೇಷ್ಮೆ ಸೀರೆಯ ಬೆನ್ನಿನ ಮೇಲೆ ನನ್ನ ಹತ್ತು ಬೆರಳೂ ಮೂಡಿದವು.

ಆ ಮಧ್ಯಾಹ್ನ ಥ್ರೀ ಫೇಸಿನಲ್ಲಿ ಮಾವ ಬೆಳೆಗೆ ಬಿಡದೆ ಮೊದಲು ಟ್ಯಾಂಕ್ ತುಂಬಿಸಿದರು. ಆಫೀಸರ್ ಅರ್ಧ ಗಂಟೆ ಶವರಿನ ಕೆಳಗೆ ನಿಂತು ಮಿಂದು, ಹಾಡು ಗುನುಗಿಕೊಂಡು ಹೊರಗೆ ಬಂದರು. ನನಗೆ ಅವರ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಅವರಲ್ಲದಿದ್ದರೆ ನಾನು ಹಾಗೇ ನಿಲ್ಲುತ್ತಿದ್ದೆ.

ಕಂಡೆನ್ಸರನ್ನು ಮಾವ ಕೀಳಿಸಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಕತೆ ಚೆಂದವಾಗುತ್ತಿತ್ತು. ಆ ಬೇಸಿಗೆ ಸುತ್ತಲಿನ ತೋ‌ಟದವರೆಲ್ಲ ಕಂಡೆನ್ಸರ್ ಹಾಕಿಸಿಕೊಂಡರು, ನಮ್ಮ ಬಾವಿಯ ನೀರನ್ನು ಅವರ ಬಾವಿಗಳು ಎಳೆಯತೊಡಗಿದವು, ಹತ್ತಿ ಬಾಡಿತು. ಒಂದು ದಿನ ಮಾವನೇ ಆ ಸ್ವಿಚ್ ಹಾಕಿದರು. ಕಳ್ಳತನ ಎಂಬ ಮಾತನ್ನು ಮತ್ತೆ ಆಡಲಿಲ್ಲ, ಆ ಹೊತ್ತು ನನ್ನ ಮುಖವನ್ನೂ ನೋಡಲಿಲ್ಲ. ಮರುವರ್ಷ ಐದನೆಯ ಕಟ್ಟೆ ಕೊರೆದರು. ಅದರ ಮರುವರ್ಷ ಬೋರ್ ಹಾಕಿಸಿದೆವು, ಬಾವಿಗಿಳಿಯುವ ಕೆಲಸವೇ ಕಡಿಮೆಯಾಯಿತು.

ಆದರೆ ಅವರು ಇರುವತನಕ ಒಂದು ಪದ್ಧತಿ ನಡೆಯಿತು. ಯಾರೇ ಬಾವಿಗಿಳಿಯಲಿ, ದೀಪ ಎಷ್ಟೇ ಉರಿಯಲಿ, ಮೊದಲು ಫ್ಯೂಸ್ ಕಿತ್ತು ನನ್ನ ಕೈಗೆ ಕೊಡಬೇಕು. ನಾನು ಒಲೆಯ ಮುಂದಿರಲಿ, ಪೂಜೆಯಲ್ಲಿರಲಿ, "ಅಮ್ಮಿಣೀ, ಬಾಮ್ಮಾ, ಇಳೀತಾ ಇದೀನಿ" ಎಂದು ಕೂಗು ಬರುತ್ತಿತ್ತು. ನಾನು ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ಇಳಿದವರು ಮೇಲೆ ಬಂದು ಕೈ ಚಾಚುವತನಕ ಏಳುತ್ತಿರಲಿಲ್ಲ.